ಕಡಲ ಬದಿಯ ಒಂದು ದಿನಕ್ಕೆ ಯಾವ ಸ್ಟೇಟ್ ಪಾರ್ಕ್? ಬೇ ಏರಿಯಾದ ಹತ್ತಿರದ ನಾಲ್ಕು ಜಾಗಗಳ ಹೋಲಿಕೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಸನಿವೇಲ್, ಫ್ರೀಮಾಂಟ್ ಕಡೆಯ ಕನ್ನಡದ ಮನೆಗಳಲ್ಲಿ ಈ ಮಾತು ಆಗಾಗ ಬರುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಶನಿವಾರ ಕಡಲ ಕಡೆ ಹೋಗೋಣ, ಎಲ್ಲಿಗೆ? ಯಾರೋ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸುತ್ತಾರೆ. ಅದನ್ನೇ ನಂಬಿ ಎರಡು ಕಾರು ತುಂಬಾ ಜನ ಹೊರಡುತ್ತಾರೆ. ಹೋಗಿ ನೋಡಿದರೆ ಪಾರ್ಕಿಂಗ್ ತುಂಬಿರುತ್ತದೆ. ಇಲ್ಲವೇ ಚಿಟ್ಟೆಗಳ ಕಾಲ ಮುಗಿದಿರುತ್ತದೆ. ಇಲ್ಲವೇ ಟಿಕೆಟ್ ಎರಡು ವಾರ ಮೊದಲೇ ಬುಕ್ ಮಾಡಬೇಕಿತ್ತು ಎಂದು ಗೇಟಿನಲ್ಲಿ ಗೊತ್ತಾಗುತ್ತದೆ.

ಅದಕ್ಕೆ ಇಲ್ಲಿ ನಾಲ್ಕು ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಆನ್ಯೋ ನ್ಯೂವೋ, ಸಾಂಟಾ ಕ್ರೂಜ್‌ನ ನ್ಯಾಚುರಲ್ ಬ್ರಿಜಸ್, ಕಾರ್ಮೆಲ್ ಪಕ್ಕದ ಪಾಯಿಂಟ್ ಲೋಬೋಸ್, ಮತ್ತೆ ಹಾಫ್ ಮೂನ್ ಬೇ. ನಾಲ್ಕೂ ಕ್ಯಾಲಿಫೋರ್ನಿಯಾ ರಾಜ್ಯದ ಪಾರ್ಕ್‌ಗಳು, ನಾಲ್ಕೂ ಹೈವೇ 1ರ ಆಸುಪಾಸಿನಲ್ಲೇ ಇವೆ. ಆದರೆ ಒಂದರಲ್ಲಿ ಸಿಗುವ ದಿನ ಇನ್ನೊಂದರಲ್ಲಿ ಸಿಗುವುದಿಲ್ಲ. ಯಾವುದು ಚೆಂದ ಎಂದು ಕೇಳಿದರೆ ನಾಲ್ಕೂ ಚೆಂದವೇ. ಕೇಳಬೇಕಾದ್ದು ಬೇರೆ: ಈಗ ಯಾವ ತಿಂಗಳು? ಆ ದಿನ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ? ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕರೆ ಪಾರ್ಕ್ ತಾನಾಗಿಯೇ ಆಯ್ಕೆಯಾಗುತ್ತದೆ.

ಬೇಸಿಗೆ ಎಂದರೆ ಬಿಸಿಲು ಎಂದುಕೊಳ್ಳಬೇಡಿ

ಜೂನ್, ಜುಲೈಯಲ್ಲಿ ಸ್ಯಾನ್ ಹೋಸೆಯಲ್ಲಿ ಸೆಕೆ ತಡೆಯಲು ಆಗುವುದಿಲ್ಲ. ಆಗ ಎಲ್ಲರಿಗೂ ಕಡಲು ನೆನಪಾಗುತ್ತದೆ. ಬೆಟ್ಟ ದಾಟಿ ಇಳಿದರೆ ದಡವೆಲ್ಲ ಮಂಜು, ಗಾಳಿ, ಚಳಿ. ಇದಕ್ಕೆ ಕಾರಣ ಇದೆ. ವಸಂತದಲ್ಲೂ ಬೇಸಿಗೆಯಲ್ಲೂ ಇಲ್ಲಿ ವಾಯವ್ಯ ದಿಕ್ಕಿನಿಂದ ಜೋರು ಗಾಳಿ ಬೀಸುತ್ತದೆ. ಕಡಲ ಮೇಲ್ಭಾಗದ ನೀರು ಆ ಗಾಳಿಗೆ ದಡ ಬಿಟ್ಟು ದೂರ ಸರಿಯುತ್ತದೆ. ಆ ಜಾಗ ತುಂಬಲು ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ತೇವದ ಗಾಳಿ ಆ ತಣ್ಣೀರಿನ ಮೇಲೆ ಹಾದು ಬರುವಾಗ ಮಂಜಾಗುತ್ತದೆ. ಹಾಗಾಗಿ ಒಳನಾಡಿನಲ್ಲಿ ಸುಡುಬಿಸಿಲು ಇರುವ ದಿನವೇ ದಡದಲ್ಲಿ ಸ್ವೆಟರ್ ಬೇಕಾಗುತ್ತದೆ.

ನೀಲಿ ಆಕಾಶ, ಬೆಚ್ಚಗಿನ ಬಿಸಿಲು ಬೇಕು ಅಂದ್ರೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ನೀರು ಮಾತ್ರ ಯಾವ ತಿಂಗಳಲ್ಲೂ ಬೆಚ್ಚಗಿರುವುದಿಲ್ಲ. ಹೆಚ್ಚು ಕಡಿಮೆ 10ರಿಂದ 15 ಡಿಗ್ರಿ ಸೆಲ್ಸಿಯಸ್. ಮಲ್ಪೆ, ಮರವಂತೆ, ಗೋಕರ್ಣದಲ್ಲಿ ಅಲೆಯಲ್ಲಿ ಆಡಿ ಬೆಳೆದವರಿಗೆ ಇದನ್ನು ಮೊದಲೇ ಹೇಳಿಬಿಡಿ. ಇಲ್ಲಿ ಕಡಲಿಗೆ ಹೋಗುವುದು ನೀರಿಗಿಳಿಯಲು ಅಲ್ಲ, ನಡೆಯಲು ಮತ್ತು ನೋಡಲು. ನೋಡಲು ಇಷ್ಟೊಂದು ಇರುವುದೂ ಆ ತಣ್ಣೀರಿನಿಂದಲೇ. ಆಳದಿಂದ ಬರುವ ನೀರು ಪೋಷಕಾಂಶವನ್ನೂ ಹೊತ್ತು ತರುತ್ತದೆ. ಅದರಿಂದ ಪಾಚಿ, ಪಾಚಿಯಿಂದ ಮೀನು, ಮೀನಿನಿಂದ ಸೀಲ್, ಹಕ್ಕಿ, ತಿಮಿಂಗಿಲ ಎಲ್ಲ.

ಆನ್ಯೋ ನ್ಯೂವೋ: ಜನವರಿ, ಫೆಬ್ರವರಿ ಆದರೆ ಬೇರೆ ಯೋಚನೆಯೇ ಬೇಡ

ಚಳಿಗಾಲದಲ್ಲಿ ಒಂದೇ ಒಂದು ದಿನ ಬಿಡುವಿದೆ ಎಂದರೆ ನಾನು ಕಣ್ಣು ಮುಚ್ಚಿ ಆನ್ಯೋ ನ್ಯೂವೋ ಎನ್ನುತ್ತೇನೆ. ಸಾಂಟಾ ಕ್ರೂಜ್‌ನಿಂದ ಉತ್ತರಕ್ಕೆ ಸುಮಾರು 20 ಮೈಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಸುಮಾರು 55 ಮೈಲಿ. ಇಲ್ಲಿ ನೋಡಲು ಹೋಗುವುದು ಎಲಿಫೆಂಟ್ ಸೀಲ್‌ಗಳನ್ನು. ಗಂಡು ಸೀಲ್ 14ರಿಂದ 16 ಅಡಿ ಉದ್ದ, ತೂಕ ಎರಡು ಟನ್ನಿಗೂ ಮೀರಿ. ಮೂತಿ ಸೊಂಡಿಲಿನ ಹಾಗೆ ಜೋತುಬಿದ್ದಿರುತ್ತದೆ. ಡಿಸೆಂಬರ್‌ನಲ್ಲಿ ಗಂಡುಗಳು ಮೊದಲು ದಡಕ್ಕೆ ಬಂದು ಜಾಗಕ್ಕಾಗಿ ಕಾದಾಡುತ್ತವೆ. ಹಿಂದೆಯೇ ಹೆಣ್ಣುಗಳು ಬರುತ್ತವೆ, ಬಂದ ಕೆಲವೇ ದಿನಕ್ಕೆ ಮರಿ ಹಾಕುತ್ತವೆ. ಜನವರಿ ಕೊನೆಯ ಹೊತ್ತಿಗೆ ಮರಳ ತುಂಬ ಕಪ್ಪು ಮರಿಗಳು. ಹುಟ್ಟಿದಾಗ 75 ಪೌಂಡ್ ಇರುವ ಮರಿ ನಾಲ್ಕು ವಾರ ಹಾಲು ಕುಡಿದು 250 ಪೌಂಡ್ ದಾಟುತ್ತದೆ. ಆ ನಾಲ್ಕು ವಾರ ತಾಯಿ ಏನೂ ತಿನ್ನುವುದಿಲ್ಲ. ದೊಡ್ಡ ಗಂಡುಗಳಂತೂ ಸುಮಾರು ಮೂರು ತಿಂಗಳು ಉಪವಾಸ.

ಈ ದೃಶ್ಯ ಇವತ್ತು ಕಾಣಸಿಗುವುದೇ ದೊಡ್ಡದು. ಎಣ್ಣೆಗಾಗಿ ಇವನ್ನು ಕೊಂದು ಕೊಂದು, 1890ರ ದಶಕದ ಹೊತ್ತಿಗೆ ಮೆಕ್ಸಿಕೋದ ಗ್ವಾಡಲೂಪೆ ದ್ವೀಪದಲ್ಲಿ ಉಳಿದದ್ದು ಬೆರಳೆಣಿಕೆಯ ಒಂದು ಗುಂಪು ಮಾತ್ರ. 1922ರಲ್ಲಿ ಮೆಕ್ಸಿಕೋ ಸರ್ಕಾರ ಅವುಗಳಿಗೆ ರಕ್ಷಣೆ ಕೊಟ್ಟಿತು. ಆಮೇಲೆ ಅಮೆರಿಕವೂ ಕೊಟ್ಟಿತು. ನಿಧಾನಕ್ಕೆ ಉತ್ತರಕ್ಕೆ ಹರಡಿಕೊಂಡು, 1955ರಲ್ಲಿ ಆನ್ಯೋ ನ್ಯೂವೋ ದ್ವೀಪದಲ್ಲಿ ಮೊದಲು ಕಾಣಿಸಿಕೊಂಡವು. 1961ರಲ್ಲಿ ಅಲ್ಲಿ ಮೊದಲ ಮರಿ ಹುಟ್ಟಿತು. 1975ರಲ್ಲಿ ದಡದ ಮೇಲೂ ಒಂದು ಮರಿ ಹುಟ್ಟಿತು. ಈಗ ಚಳಿಗಾಲದಲ್ಲಿ ನಡೆದು ಹೋಗುವ ದಿಬ್ಬಗಳೆಲ್ಲ ಅವುಗಳದ್ದೇ. ಎದುರಿನ ದ್ವೀಪದಲ್ಲಿ ಹಳೆಯ ದೀಪಸ್ತಂಭದವರ ಮನೆ ಪಾಳುಬಿದ್ದು ನಿಂತಿದೆ. ಅದನ್ನು ಸೀಲ್‌ಗಳ ನೆಂಟರಾದ ಸೀ ಲಯನ್‌ಗಳು ವಶಮಾಡಿಕೊಂಡಿವೆ.

ಇನ್ನು ಕಷ್ಟದ ಭಾಗ. ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಸೀಲ್‌ಗಳ ಜಾಗಕ್ಕೆ ಸುಮ್ನೆ ಹೋಗಲು ಬಿಡುವುದಿಲ್ಲ. ಗೈಡ್ ಜೊತೆಗೇ ಹೋಗಬೇಕು, ಟಿಕೆಟ್ ಮೊದಲೇ ಬುಕ್ ಮಾಡಬೇಕು. ಶನಿವಾರ, ಭಾನುವಾರದ ಟಿಕೆಟ್ ವಾರಗಳ ಮೊದಲೇ ಮುಗಿದುಹೋಗುತ್ತವೆ. ಹಾಗಾಗಿ ಊರಿನಿಂದ ಬರುವವರ ವಿಮಾನದ ಟಿಕೆಟ್ ಆದ ದಿನವೇ ಇದನ್ನೂ ನೋಡಿಟ್ಟುಕೊಳ್ಳಿ. ನಡಿಗೆ ಸುಮಾರು ಎರಡೂವರೆ ಗಂಟೆ, 3ರಿಂದ 4 ಮೈಲಿ. ಕೊನೆಯ ಭಾಗ ಮರಳ ದಿಬ್ಬ. ಕಾಲು ಹೂತುಹೋಗುತ್ತದೆ. ಮಗುವಿನ ತಳ್ಳುಗಾಡಿ ಹೋಗುವುದಿಲ್ಲ. ಮಳೆ ಬಂದರೂ ನಡಿಗೆ ನಿಲ್ಲುವುದಿಲ್ಲ, ಮಧ್ಯದಲ್ಲಿ ಎಲ್ಲೂ ನೆರಳಿಲ್ಲ. ಮಂಡಿ ನೋವಿರುವ ಅತ್ತೆ, ಮಾವನನ್ನು ಒತ್ತಾಯದಿಂದ ಕರೆದುಕೊಂಡು ಹೋಗುವ ಜಾಗ ಇದಲ್ಲ. ನಡೆಯಲು ಆಗದವರಿಗಾಗಿ ಪಾರ್ಕ್‌ನವರು ಬೇರೆ ವ್ಯವಸ್ಥೆ ಮಾಡುವುದುಂಟು. ಅದಕ್ಕೂ ಮೊದಲೇ ಫೋನ್ ಮಾಡಿ ಹೇಳಬೇಕು.

ಏಪ್ರಿಲ್‌ನಿಂದ ನವೆಂಬರ್‌ವರೆಗೆ ಗೈಡ್ ಬೇಡ. ಅಲ್ಲೇ ಪರ್ಮಿಟ್ ತೆಗೆದುಕೊಂಡು ನೀವೇ ನಡೆಯಬಹುದು. ಆದರೆ ಮಧ್ಯಾಹ್ನ ಮೇಲೆ ಪರ್ಮಿಟ್ ಕೊಡುವುದನ್ನು ನಿಲ್ಲಿಸುತ್ತಾರೆ, ಬೆಳಗ್ಗೆಯೇ ಹೋಗಿ. ಆಗಲೂ ಸೀಲ್‌ಗಳು ಇರುತ್ತವೆ. ಚರ್ಮ ಕಳಚಿಕೊಳ್ಳಲು ಬಂದು ಮಲಗಿರುತ್ತವೆ. ಏಪ್ರಿಲ್, ಮೇಯಲ್ಲಿ ಹೆಣ್ಣುಗಳು ಮತ್ತು ಮರಿಗಳು, ಜುಲೈ, ಆಗಸ್ಟ್‌ನಲ್ಲಿ ದೊಡ್ಡ ಗಂಡುಗಳು. ಕಾದಾಟ ಇಲ್ಲ, ಮರಿ ಹುಟ್ಟುವುದಿಲ್ಲ, ಆದರೆ ಜನವೂ ಕಡಿಮೆ. ಟಿಕೆಟ್ ಸಿಗಲಿಲ್ಲ ಎಂದು ಬೇಸರಪಡುವವರು ಮೇ ತಿಂಗಳಲ್ಲಿ ಹೋಗಿಬನ್ನಿ. ಡಿಸೆಂಬರ್ ಮೊದಲ ಎರಡು ವಾರ ಮಾತ್ರ ಆ ಭಾಗ ಪೂರ್ತಿ ಮುಚ್ಚಿರುತ್ತದೆ.

ಊಟದ ಬಗ್ಗೆ ಒಂದು ಮಾತು. ಇಲ್ಲಿ ಹೋಟೆಲ್ ಇಲ್ಲ. ಸೀಲ್‌ಗಳ ಜಾಗದಲ್ಲಿ ತಿನ್ನುವ ಹಾಗಿಲ್ಲ. ಚಿತ್ರಾನ್ನದ ಡಬ್ಬಿ ಕಾರಿನಲ್ಲೇ ಇರಲಿ, ಬಂದ ಮೇಲೆ ವಿಸಿಟರ್ ಸೆಂಟರ್ ಹತ್ತಿರದ ಬೆಂಚಿನಲ್ಲಿ ಕುಳಿತು ತಿನ್ನಿ.

ನ್ಯಾಚುರಲ್ ಬ್ರಿಜಸ್: ಮಕ್ಕಳಿದ್ದರೆ ಇದು, ಆದರೆ ಗಡಿಯಾರ ನೋಡಿ

ಸಾಂಟಾ ಕ್ರೂಜ್ ಊರಿನ ಪಶ್ಚಿಮದ ತುದಿಯಲ್ಲಿ ಇರುವ ಪುಟ್ಟ ಪಾರ್ಕ್ ಇದು. ಹಿಂದೆ ಇಲ್ಲಿ ಅಲೆ ಕೊರೆದ ಮೂರು ಕಲ್ಲಿನ ಕಮಾನುಗಳಿದ್ದವು. ಒಂದು 20ನೇ ಶತಮಾನದ ಆರಂಭದಲ್ಲೇ ಬಿತ್ತು. ಇನ್ನೊಂದು 1980ರ ಜನವರಿಯ ಬಿರುಗಾಳಿಗೆ ಬಿತ್ತು. ಈಗ ಉಳಿದಿರುವುದು ಒಂದು. ಕಮಾನು ನೋಡಲು ಹತ್ತು ನಿಮಿಷ ಸಾಕು. ಇಲ್ಲಿಗೆ ಹೋಗಬೇಕಾದ್ದು ಬೇರೆ ಎರಡು ಕಾರಣಕ್ಕೆ. ಒಂದು ಚಿಟ್ಟೆ, ಇನ್ನೊಂದು ಬಂಡೆಗಳ ನಡುವಿನ ನೀರಗುಂಡಿಗಳು.

ಮೊನಾರ್ಕ್ ಚಿಟ್ಟೆಗಳು ಅಕ್ಟೋಬರ್ ಮಧ್ಯದಲ್ಲಿ ಬರಲು ಶುರುಮಾಡುತ್ತವೆ, ಫೆಬ್ರವರಿ ಹೊತ್ತಿಗೆ ಹೊರಟುಹೋಗುತ್ತವೆ. ರಾಕಿ ಪರ್ವತಗಳ ಪಶ್ಚಿಮದ ಸೀಮೆಯಿಂದ ಚಳಿ ಕಳೆಯಲು ಇಲ್ಲಿಗೆ ಬರುತ್ತವೆ. ಗಾಳಿ ತಟ್ಟದ ಒಂದು ತಗ್ಗಿನಲ್ಲಿ ನೀಲಗಿರಿ ಮರಗಳ ತೋಪಿದೆ. ಅಲ್ಲಿಗೆ ಹಲಗೆಯ ದಾರಿ ಮಾಡಿದ್ದಾರೆ, ಇಳಿಜಾರು ಹೆಚ್ಚಿಲ್ಲ. ಬೆಳಗಿನ ಚಳಿಯಲ್ಲಿ ಹೋದರೆ ಕೊಂಬೆಗೆ ಒಣಗಿದ ಎಲೆ ಅಂಟಿಕೊಂಡಂತೆ ಕಾಣುತ್ತದೆ ಅಷ್ಟೆ. ಸುಮಾರು 13 ಡಿಗ್ರಿಗಿಂತ ಕಡಿಮೆ ಇದ್ದರೆ ಅವುಗಳಿಗೆ ಹಾರಲು ಆಗುವುದಿಲ್ಲ. ಬಿಸಿಲೇರಿದ ಮೇಲೆ, ಹನ್ನೊಂದು, ಹನ್ನೆರಡು ಗಂಟೆಗೆ, ರೆಕ್ಕೆ ಬಿಚ್ಚುತ್ತವೆ. ಆಗ ತೋಪಿನ ತುಂಬ ಕೇಸರಿ ಬಣ್ಣ ಹಾರಾಡುತ್ತದೆ.

ಎಷ್ಟು ಸಿಗುತ್ತವೆ ಎನ್ನುವುದು ವರ್ಷದಿಂದ ವರ್ಷಕ್ಕೆ ಬೇರೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ದಡಕ್ಕೆ ಹತ್ತಾರು ಲಕ್ಷ ಬರುತ್ತಿದ್ದವು. 2020ರ ಚಳಿಗಾಲದಲ್ಲಿ ಇಡೀ ದಡದಲ್ಲಿ ಎಣಿಸಿದ್ದು ಎರಡು ಸಾವಿರಕ್ಕೂ ಕಡಿಮೆ. ಮರುವರ್ಷ ಎರಡು ಲಕ್ಷ ದಾಟಿತು. 2024ರ ಚಳಿಗಾಲದಲ್ಲಿ ಮತ್ತೆ ಹತ್ತು ಸಾವಿರದ ಒಳಗೆ ಇಳಿಯಿತು. ಇದನ್ನು ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಕ್ಕಳನ್ನು ಈಗಲೇ ಕರೆದುಕೊಂಡು ಹೋಗಿ ತೋರಿಸಿ ಎನ್ನುವುದಕ್ಕೆ ಅದೂ ಒಂದು ಕಾರಣ. ಹೋಗುವ ಮೊದಲು ಆ ವರ್ಷ ತೋಪಿನಲ್ಲಿ ಚಿಟ್ಟೆ ಇವೆಯೇ ಎಂದು ಪಾರ್ಕಿಗೆ ಫೋನ್ ಮಾಡಿ ಕೇಳಿ.

ಎರಡನೆಯದು ನೀರಗುಂಡಿಗಳು. ಕಡಲು ಇಳಿದಾಗ ಬಂಡೆಯ ತಗ್ಗುಗಳಲ್ಲಿ ನೀರು ಉಳಿಯುತ್ತದೆ. ಇಲ್ಲಿಯ ಜನ ಟೈಡ್‌ಪೂಲ್ ಎನ್ನುತ್ತಾರೆ. ಅದರೊಳಗೆ ನಕ್ಷತ್ರ ಮೀನು, ಹೂವಿನಂತೆ ಕಾಣುವ ಹಸಿರು ಅನೆಮನಿ, ಕಪ್ಪು ಚಿಪ್ಪಿನ ಮಸೆಲ್, ಬೇರೆಯದರ ಖಾಲಿ ಚಿಪ್ಪನ್ನು ಮನೆ ಮಾಡಿಕೊಂಡು ಓಡಾಡುವ ಸಣ್ಣ ಏಡಿ. ಆರು ವರ್ಷದ ಮಗು ಒಂದೇ ಗುಂಡಿಯ ಮುಂದೆ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂರುತ್ತದೆ. ಆದರೆ ನೀರು ಏರಿದ ಹೊತ್ತಿಗೆ ಹೋದರೆ ಅಲ್ಲಿ ಏನೂ ಇಲ್ಲ, ಬರೀ ಅಲೆ.

ಹೊರಡುವ ಮೊದಲು ಸಾಂಟಾ ಕ್ರೂಜ್‌ನ ಉಬ್ಬರ ಇಳಿತದ ಪಟ್ಟಿ ನೋಡಿ. ಇಳಿತದ ಅಂಕಿ ಸೊನ್ನೆಯ ಹತ್ತಿರ ಅಥವಾ ಮೈನಸ್ ಇರುವ ದಿನ ಬೇಕು. ಆ ಹೊತ್ತಿಗೆ ಒಂದು ಗಂಟೆ ಮೊದಲೇ ಬಂಡೆಯ ಹತ್ತಿರ ಇರಬೇಕು, ನೀರು ತಿರುಗಿದ ಮೇಲೆ ಬೇಗ ಹಿಂದೆ ಬರಬೇಕು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಈ ದಡದಲ್ಲಿ ಬೇಸಿಗೆಯ ಒಳ್ಳೆಯ ಇಳಿತಗಳು ನಸುಕಿನಲ್ಲಿ, ಬೆಳಗಿನ ಜಾವದಲ್ಲಿ ಬರುತ್ತವೆ. ಚಳಿಗಾಲದ ಒಳ್ಳೆಯ ಇಳಿತಗಳು ಮಧ್ಯಾಹ್ನದ ಮೇಲೆ. ಅಂದರೆ ನವೆಂಬರ್, ಡಿಸೆಂಬರ್, ಜನವರಿಯಲ್ಲಿ ಸರಿಯಾದ ದಿನ ಆರಿಸಿಕೊಂಡರೆ ಹನ್ನೆರಡು ಗಂಟೆಗೆ ಚಿಟ್ಟೆ, ಊಟ, ಮೂರು ಗಂಟೆಗೆ ನೀರಗುಂಡಿ. ಎರಡೂ ಒಂದೇ ದಿನ, ಒಂದೇ ಪಾರ್ಕಿನಲ್ಲಿ. ನಾಲ್ಕು ಜಾಗಗಳಲ್ಲಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ.

ಮುಟ್ಟಲೇಬೇಕು ಅಂದ್ರೆ ಒದ್ದೆ ಬೆರಳಿನಿಂದ ಮೆಲ್ಲಗೆ. ಏನನ್ನೂ ಕೀಳುವುದು ಬೇಡ, ಚಿಪ್ಪನ್ನೂ ಜೇಬಿಗೆ ಹಾಕುವುದು ಬೇಡ. ಆ ಖಾಲಿ ಚಿಪ್ಪಿಗಾಗಿ ಒಂದು ಏಡಿ ಕಾಯುತ್ತಿರಬಹುದು. 2013ರಿಂದ ಈ ದಡದ ನಕ್ಷತ್ರ ಮೀನುಗಳಿಗೆ ಮೈ ಕರಗಿಹೋಗುವ ರೋಗ ಬಂದು ಅಪಾರವಾಗಿ ಸತ್ತಿವೆ. ಉಳಿದವನ್ನಾದರೂ ಅವುಗಳ ಪಾಡಿಗೆ ಬಿಡೋಣ. ಮತ್ತೆ ಕಡಲ ಕಾಗೆಗಳು, ಅಂದರೆ ಗಲ್‌ಗಳು, ಇಲ್ಲಿ ಬಹಳ ಧೈರ್ಯಸ್ಥರು. ಕೈಯಲ್ಲಿರುವ ಚಪಾತಿ ರೋಲ್ ಹಾರಿಸಿಕೊಂಡು ಹೋಗುತ್ತವೆ.

ಪಾಯಿಂಟ್ ಲೋಬೋಸ್: ನಡೆಯಬಲ್ಲ ದೊಡ್ಡವರಿಗೆ, ವಾರದ ದಿನ

ಸ್ಯಾನ್ ಹೋಸೆಯಿಂದ ಒಂದೂವರೆ ಗಂಟೆಯ ದಾರಿ. ಕಾರ್ಮೆಲ್ ದಾಟಿ ಸುಮಾರು 3 ಮೈಲಿ. ನಾಲ್ಕರಲ್ಲಿ ದೂರದ್ದು ಇದೇ. ಬಂಡೆ, ಮರ, ನೀರಿನ ಬಣ್ಣ ಈ ಮೂರಕ್ಕೆ ಮಾತ್ರ ಅಂಕ ಕೊಡುವುದಾದರೆ ಮೊದಲ ಸ್ಥಾನವೂ ಇದಕ್ಕೇ. 1933ರಿಂದ ರಾಜ್ಯದ ಕೈಯಲ್ಲಿದೆ. 1960ರಲ್ಲಿ ಪಕ್ಕದ ಕಡಲಿನ ಭಾಗವನ್ನೂ ರಕ್ಷಿತ ಪ್ರದೇಶ ಮಾಡಿದರು.

ಇಲ್ಲಿ ದಾರಿಗಳು ಸಣ್ಣಸಣ್ಣವು, ಅದು ಒಳ್ಳೆಯದು. ಸೈಪ್ರಸ್ ಗ್ರೋವ್ ಸುತ್ತು ಒಂದು ಮೈಲಿಗಿಂತ ಕಡಿಮೆ. ಮೊಂಟೆರೆ ಸೈಪ್ರಸ್ ಮರ ಇಡೀ ಲೋಕದಲ್ಲಿ ತಾನಾಗಿ ಬೆಳೆದಿರುವುದು ಎರಡೇ ಕಡೆ. ಒಂದು ಇಲ್ಲಿ, ಇನ್ನೊಂದು ಕಾರ್ಮೆಲ್‌ನ ಆಚೆ ಪೆಬಲ್ ಬೀಚ್ ಬಳಿ. ಗಾಳಿಗೆ ಬಾಗಿ, ಒಣಗಿದ ಕೊಂಬೆಗಳ ಮೇಲೆ ಕಿತ್ತಳೆ ಬಣ್ಣದ ಮಖಮಲ್ಲಿನಂಥ ಪದರ ಹೊತ್ತು ನಿಂತಿರುತ್ತವೆ. ಅದು ಒಂದು ಬಗೆಯ ಪಾಚಿ, ಮರಕ್ಕೆ ಅದರಿಂದ ತೊಂದರೆ ಇಲ್ಲ. ಸೀ ಲಯನ್ ಪಾಯಿಂಟ್‌ಗೆ ಹೋಗುವ ದಾರಿ ಇನ್ನೂ ಚಿಕ್ಕದು. ಸೀ ಲಯನ್‌ಗಳ ಗದ್ದಲ ಪಾರ್ಕಿಂಗ್‌ವರೆಗೂ ಕೇಳುತ್ತದೆ. ದಕ್ಷಿಣದ ತುದಿಯಲ್ಲಿ ಚೈನಾ ಕೋವ್. ಅಲ್ಲಿಯ ನೀರು ಪಚ್ಚೆ ಹಸಿರು. ವಸಂತದಲ್ಲಿ ಹಾರ್ಬರ್ ಸೀಲ್‌ಗಳು ಮರಿ ಹಾಕುವ ಕಾಲ, ಆಗ ಕೆಳಗಿಳಿಯಲು ಬಿಡುವುದಿಲ್ಲ, ಮೇಲಿಂದಲೇ ನೋಡಬೇಕು. ಮೇಲಿಂದ ನೋಡುವುದೇ ಚೆಂದ ಕೂಡ. ತಾಯಿ ಮರಿ ಎರಡೂ ಕಾಣುತ್ತವೆ.

ವೇಲರ್ಸ್ ಕೋವ್‌ನಲ್ಲಿ ಒಂದು ಹಳೆಯ ಮರದ ಗುಡಿಸಲಿದೆ. 1850ರ ದಶಕದಲ್ಲಿ ಚೀನಾದಿಂದ ಬಂದ ಮೀನುಗಾರರು ಕಟ್ಟಿದ್ದು. ಈಗ ಪುಟ್ಟ ಮ್ಯೂಸಿಯಂ. ಆಮೇಲೆ ಪೋರ್ಚುಗೀಸ್ ತಿಮಿಂಗಿಲ ಬೇಟೆಗಾರರು, ಅಬಲೋನಿ ಎಂಬ ಚಿಪ್ಪುಜೀವಿಗಾಗಿ ಮುಳುಗುತ್ತಿದ್ದ ಜಪಾನಿನವರು, ಎಲ್ಲರೂ ಈ ಒಂದೇ ಕೊಲ್ಲಿಯಲ್ಲಿ ಬದುಕಿದರು. ವಲಸೆ ಬಂದು ಈ ದಡದಲ್ಲಿ ಮನೆ ಮಾಡಿದವರು ನಾವು ಮೊದಲಿಗರಲ್ಲ. ಅಲ್ಲಿ ಕಾಲಿಟ್ಟಾಗಲೆಲ್ಲ ಅದು ನನಗೆ ತಟ್ಟುತ್ತದೆ. ಅಪ್ಪ ಅಮ್ಮನಿಗೆ ಈ ಕತೆ ಹೇಳಿ, ಅವರು ಗುಡಿಸಲೊಳಗೆ ಬಹಳ ಹೊತ್ತು ನಿಲ್ಲುತ್ತಾರೆ.

ದುರ್ಬೀನು ಇದ್ದರೆ ಮರೆಯದೆ ಒಯ್ಯಿರಿ. ಕೆಲ್ಪ್ ಎಂಬ ಉದ್ದನೆಯ ಕಡಲ ಪಾಚಿಯಲ್ಲಿ ಸುತ್ತಿಕೊಂಡು ಕಡಲ ನೀರುನಾಯಿಗಳು ಮಲಕ್ಕೊಂಡು ತೇಲುತ್ತವೆ. ತುಪ್ಪಳಕ್ಕಾಗಿ ಬೇಟೆಯಾಡಿ ಇವು ಕ್ಯಾಲಿಫೋರ್ನಿಯಾದಲ್ಲಿ ಮುಗಿದೇಹೋದವು ಎಂದುಕೊಂಡಿದ್ದರು. 1938ರಲ್ಲಿ ಬಿಗ್ ಸರ್ ಹತ್ತಿರ ಒಂದು ಸಣ್ಣ ಗುಂಪು ಉಳಿದಿರುವುದು ಗೊತ್ತಾಯಿತು. ಈಗಿರುವವು ಆ ಗುಂಪಿನ ಸಂತಾನ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬೂದು ತಿಮಿಂಗಿಲಗಳು ಈ ದಾರಿಯಲ್ಲೇ ಅಲಾಸ್ಕದ ಕಡಲಿಗೂ ಮೆಕ್ಸಿಕೋಗೂ ಓಡಾಡುತ್ತವೆ. ಜನವರಿಯಲ್ಲಿ ದಕ್ಷಿಣಕ್ಕೆ ಹೋಗುವವು ಜಾಸ್ತಿ.

ಇಲ್ಲಿಯ ದೊಡ್ಡ ತೊಂದರೆ ಪಾರ್ಕಿಂಗ್. ಒಳಗೆ ಸುಮಾರು 150 ಕಾರಿಗೆ ಮಾತ್ರ ಜಾಗ. ಶನಿವಾರ ಹತ್ತು ಗಂಟೆಗೆ ಹೋದರೆ ಗೇಟಿನಲ್ಲಿ ಸಾಲು. ಒಂದು ಕಾರು ಹೊರಗೆ ಬಂದರೆ ಒಂದು ಒಳಗೆ. ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿ ನಡೆದು ಹೋಗುವವರಿದ್ದಾರೆ. ಆದರೆ ಅಷ್ಟು ವೇಗದ ರಸ್ತೆಯ ಪಕ್ಕ ಮಕ್ಕಳನ್ನೂ ಹಿರಿಯರನ್ನೂ ನಡೆಸುವುದು ನನಗೆ ಒಪ್ಪಿಗೆಯಿಲ್ಲ. ಬೆಳಗ್ಗೆ ಎಂಟಕ್ಕೆ ಗೇಟ್ ತೆಗೆಯುವ ಹೊತ್ತಿಗೆ ಅಲ್ಲಿರಿ. ಇಲ್ಲವೇ ಒಂದು ಮಂಗಳವಾರವೋ ಬುಧವಾರವೋ ರಜೆ ಹಾಕಿ. ರಜೆ ಹಾಕುವಷ್ಟು ಯೋಗ್ಯವಾದ ಜಾಗ. ಊಟ ಮಾಡಲು ಗೊತ್ತುಮಾಡಿದ ಕೆಲವೇ ಜಾಗಗಳಿವೆ, ದಾರಿಯ ಮಧ್ಯೆ ಡಬ್ಬಿ ಬಿಚ್ಚುವ ಹಾಗಿಲ್ಲ. ಒಲೆ ಹಚ್ಚುವಂತಿಲ್ಲ. ನಾಯಿಯನ್ನು ಕಾರಿನೊಳಗೆ ಕೂರಿಸಿಕೊಂಡು ಹೋಗುವುದಕ್ಕೂ ಬಿಡುವುದಿಲ್ಲ. ದಾರಿಯ ಅಂಚಿನಲ್ಲಿ ಮೂರೆಲೆಯ ಗಿಡ ಕಂಡರೆ ಮುಟ್ಟಬೇಡಿ. ಅದು ಪಾಯಿಸನ್ ಓಕ್, ತಗುಲಿದರೆ ವಾರಗಟ್ಟಲೆ ತುರಿಕೆ.

ಹಾಫ್ ಮೂನ್ ಬೇ: ಸುಮ್ಮನೆ ಕೂರಲು

ನಿನ್ನೆಯಷ್ಟೇ ವಿಮಾನ ಇಳಿದ ಅಪ್ಪ ಅಮ್ಮ, ಒಂದೂವರೆ ವರ್ಷದ ಮಗು, ಜೊತೆಗೆ ನಾಯಿ. ಇಂಥ ಗುಂಪಿಗೆ ಮೇಲಿನ ಮೂರೂ ಬೇಡ, ಇದು ಸಾಕು. ಉದ್ದಕ್ಕೆ ಸುಮಾರು 4 ಮೈಲಿ ಮರಳು ದಡ. ಅದರ ಮೇಲ್ಗಡೆ ಟಾರು ಹಾಕಿದ ಕೋಸ್ಟಲ್ ಟ್ರೇಲ್. ತಳ್ಳುಗಾಡಿ, ಗಾಲಿಕುರ್ಚಿ, ಸೈಕಲ್ ಎಲ್ಲ ಹೋಗುತ್ತವೆ. ಫ್ರಾನ್ಸಿಸ್ ಬೀಚ್ ಭಾಗದಲ್ಲಿ ಊಟದ ಮೇಜು, ಗ್ರಿಲ್, ಶೌಚಾಲಯ ಇವೆ. ಜೋಳ ಸುಟ್ಟು ಉಪ್ಪು ಖಾರ ನಿಂಬೆ ಹಚ್ಚಿ ತಿನ್ನುತ್ತಾ ಅಲೆ ನೋಡಿ, ಗಾಳಿಪಟ ಹಾರಿಸಿ, ಅಷ್ಟೇ. ನಾಯಿ ಹಗ್ಗದಲ್ಲಿದ್ದರೆ ಟ್ರೇಲ್‌ನಲ್ಲಿ ಓಡಾಡಬಹುದು, ಮರಳಿಗೆ ಇಳಿಸುವಂತಿಲ್ಲ. ಸ್ನೋಯಿ ಪ್ಲವರ್ ಎಂಬ ಪುಟ್ಟ ಹಕ್ಕಿ ಮರಳಿನ ಮೇಲೆಯೇ ಮೊಟ್ಟೆ ಇಡುತ್ತದೆ, ಬೇಲಿ ಹಾಕಿದ ಜಾಗದ ಒಳಗೆ ಹೋಗಬೇಡಿ.

ವಿಶೇಷ ದೃಶ್ಯ ಅಂತ ಇಲ್ಲಿ ಇಲ್ಲ. ಅದಕ್ಕೆ ಇದನ್ನು ಕಡಿಮೆ ಅನ್ನಬೇಡಿ. ತೊಂದರೆ ರಸ್ತೆಯದು. ಒಳನಾಡಿನಿಂದ ಬರುವವರಿಗೆ ಹೈವೇ 92 ಮುಖ್ಯ ದಾರಿ. ಬಿಸಿಲಿನ ಶನಿವಾರ ಹನ್ನೊಂದಕ್ಕೆ ಹೋಗುವ ಕಡೆ, ನಾಲ್ಕಕ್ಕೆ ಬರುವ ಕಡೆ ಕಾರುಗಳು ಇರುವೆಯ ವೇಗದಲ್ಲಿ ಹೋಗುತ್ತವೆ. ಅಕ್ಟೋಬರ್‌ನಲ್ಲಿ ಕುಂಬಳಕಾಯಿ ಹಬ್ಬದ ವಾರಾಂತ್ಯದಂದು ಆ ಕಡೆ ತಲೆ ಹಾಕಬೇಡಿ.

ಇದೇ ಬಗೆಯ ಇನ್ನೊಂದು ಜಾಗ ಆಪ್ಟೋಸ್‌ನ ಸೀಕ್ಲಿಫ್. ಅಲ್ಲಿ ಕಾಂಕ್ರೀಟಿನಿಂದ ಮಾಡಿದ ಪಾಲೋ ಆಲ್ಟೋ ಎಂಬ ಹಡಗು ನೀರಿನಲ್ಲಿ ಮುರಿದು ಬಿದ್ದಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಯೋಜನೆಯಾಗಿ 1919ರಲ್ಲಿ ನೀರಿಗಿಳಿದದ್ದು, 1930ರಲ್ಲಿ ಇಲ್ಲಿಗೆ ತಂದು ಡ್ಯಾನ್ಸ್, ಊಟದ ಹಡಗು ಮಾಡಿದ್ದರು. ಎರಡು ವರ್ಷಕ್ಕೆ ನಿಂತುಹೋಯಿತು. ಹಡಗಿಗೆ ಹೋಗುವ ಕಟ್ಟೆ 2023ರ ಜನವರಿಯ ಬಿರುಗಾಳಿಗೆ ಮುರಿದು, ಆಮೇಲೆ ಪೂರ್ತಿ ತೆಗೆದುಹಾಕಿದರು. ಮಧ್ಯಾಹ್ನ ಅರ್ಧ ದಿನಕ್ಕೆ ಸಾಕು.

ಹಾಗಾದರೆ ಯಾವುದು?

ಡಿಸೆಂಬರ್ ಕೊನೆಯಿಂದ ಫೆಬ್ರವರಿ, ಎಲ್ಲರೂ ಚೆನ್ನಾಗಿ ನಡೆಯುತ್ತಾರೆ, ಟಿಕೆಟ್ ಸಿಕ್ಕಿದೆ: ಆನ್ಯೋ ನ್ಯೂವೋ. ಟಿಕೆಟ್ ಸಿಗಲಿಲ್ಲ, ಮಕ್ಕಳಿದ್ದಾರೆ: ನ್ಯಾಚುರಲ್ ಬ್ರಿಜಸ್, ಆದರೆ ಮಧ್ಯಾಹ್ನ ಇಳಿತ ಇರುವ ದಿನ. ಏಪ್ರಿಲ್, ಮೇ: ಪಾಯಿಂಟ್ ಲೋಬೋಸ್. ಗುಡ್ಡದ ಮೇಲೆ ಹೂವು, ಕೆಳಗೆ ಸೀಲ್ ಮರಿ, ದ್ವೀಪದ ಮೇಲೆ ಗೂಡು ಕಟ್ಟುವ ನೀರುಕಾಗೆ. ಜೂನ್‌ನಿಂದ ಆಗಸ್ಟ್: ಮಂಜಿಗೆ ಮನಸ್ಸು ಮಾಡಿಕೊಂಡು ಹೋಗಿ. ಪಾಯಿಂಟ್ ಲೋಬೋಸ್‌ನ ಸೈಪ್ರಸ್‌ಗಳು ಮಂಜಿನಲ್ಲೇ ಹೆಚ್ಚು ಚೆಂದ ಎನ್ನುವುದು ನನ್ನ ಅಭಿಪ್ರಾಯ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿಸಿಲು ಕಾಯಲು ಹಾಫ್ ಮೂನ್ ಬೇ.

ಮಂಡಿ ನೋವಿನ ಹಿರಿಯರು ಜೊತೆಯಲ್ಲಿದ್ದಾರೆ, ಆದರೂ ಅವರಿಗೆ ಏನಾದರೂ ಅಪರೂಪದ್ದು ತೋರಿಸಬೇಕು ಎಂದಿದ್ದರೆ ಪಾಯಿಂಟ್ ಲೋಬೋಸನ್ನೇ ಆರಿಸಿ. ಎಷ್ಟೋ ನೋಟಗಳು ಕಾರು ನಿಲ್ಲಿಸಿದ ಜಾಗದಿಂದ ನೂರು ಹೆಜ್ಜೆಯೊಳಗೆ ಸಿಗುತ್ತವೆ. ಕಾರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಾ ಇಡೀ ದಿನ ಕಳೆಯಬಹುದು. ಆನ್ಯೋ ನ್ಯೂವೋದಲ್ಲಿ ಆ ಅನುಕೂಲ ಇಲ್ಲ, ಮೊದಲೇ ಫೋನ್ ಮಾಡಿ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ನಡೆಯದವರಿಗೆ ಸೀಲ್ ಇಲ್ಲ.

ಇನ್ನೊಂದು ಬೇಡಿಕೆ. ಒಂದು ದಿನಕ್ಕೆ ಒಂದೇ ಪಾರ್ಕ್ ಇಟ್ಟುಕೊಳ್ಳಿ. ಬೆಳಗ್ಗೆ ಸೀಲ್, ಮಧ್ಯಾಹ್ನ ಚಿಟ್ಟೆ, ಸಂಜೆ ಕಾರ್ಮೆಲ್ ಎಂದು ಪಟ್ಟಿ ಮಾಡಿದರೆ ದಿನವೆಲ್ಲ ಕಾರಿನಲ್ಲೇ ಕಳೆಯುತ್ತದೆ. ಮಕ್ಕಳಿಗೆ ನೆನಪಿರುವುದು ಸೀಟ್ ಬೆಲ್ಟ್ ಮಾತ್ರ.

ನೀರಿನ ಬಗ್ಗೆ, ದಯವಿಟ್ಟು ಓದಿ

ಈ ದಡದಲ್ಲಿ ಪ್ರತಿ ವರ್ಷ ಜನ ಸಾಯುತ್ತಾರೆ. ಎಷ್ಟೋ ಹೊತ್ತು ಪಾದ ತೊಳೆಯುವಂಥ ಸಣ್ಣ ಅಲೆ ಬರುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ಒಂದು ದೊಡ್ಡ ಅಲೆ ದಡದ ಮೇಲಿನವರೆಗೂ ನುಗ್ಗಿ ನಿಂತವರನ್ನು ಎಳೆದೊಯ್ಯುತ್ತದೆ. ಇಲ್ಲಿ ಸ್ನೀಕರ್ ವೇವ್ ಎನ್ನುತ್ತಾರೆ. ಚಳಿಗಾಲದಲ್ಲಿ ಜಾಸ್ತಿ. ಜೀನ್ಸ್ ಮಡಚಿಕೊಂಡು, ಸೀರೆ ಎತ್ತಿ ಹಿಡಿದುಕೊಂಡು, ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವುದು ನಮ್ಮವರ ಅಭ್ಯಾಸ. ಬೆನ್ನು ಹಾಕಬೇಡಿ. ಒದ್ದೆಯಾದ ಬಂಡೆ ಎಂದರೆ ಅಲೆ ಅಲ್ಲಿವರೆಗೂ ಬರುತ್ತದೆ ಎಂದರ್ಥ, ಅದರ ಮೇಲೆ ನಿಲ್ಲಬೇಡಿ. ಮಕ್ಕಳ ಕೈ ಬಿಡಬೇಡಿ. ಪಾಯಿಂಟ್ ಲೋಬೋಸ್‌ಗೆ ಹೋಗುವಾಗ ಸಿಗುವ ಮೊನಾಸ್ಟರಿ ಬೀಚ್ ನೋಡಲು ಸಾಧುವಾಗಿದೆ. ಅಲ್ಲಿ ನೀರಿನ ಅಂಚಿನಲ್ಲೇ ನೆಲ ಕಡಿದಾಗಿ ಇಳಿಯುತ್ತದೆ. ಅಲ್ಲಿ ಎಷ್ಟೋ ಜನ ಜೀವ ಕಳೆದುಕೊಂಡಿದ್ದಾರೆ. ಅಲ್ಲಿ ಇಳಿಯಲೇಬೇಡಿ.

ಹೊರಡುವ ಮೊದಲು

ಕಾರಿನ ಶುಲ್ಕ ಈ ನಾಲ್ಕೂ ಕಡೆ ದಿನಕ್ಕೆ 10 ಡಾಲರ್ ಆಸುಪಾಸು. 62 ದಾಟಿದವರಿದ್ದರೆ ಒಂದು ಡಾಲರ್ ಕಡಿಮೆ, ಕೇಳಿ. ಆನ್ಯೋ ನ್ಯೂವೋದ ಗೈಡ್ ನಡಿಗೆಗೆ ತಲೆಗೆ ಬೇರೆ ಟಿಕೆಟ್. ಇನ್ನೊಂದು ದಾರಿಯೂ ಇದೆ. ಕ್ಯಾಲಿಫೋರ್ನಿಯಾದ ಪಬ್ಲಿಕ್ ಲೈಬ್ರರಿಗಳಲ್ಲಿ ಪುಸ್ತಕ ತರುವ ಹಾಗೆಯೇ ಸ್ಟೇಟ್ ಪಾರ್ಕ್ ಪಾಸ್ ಎರವಲು ತರಬಹುದು. ಕಾರ್ಡ್ ಇದ್ದರೆ ಸಾಕು, ಹಣ ಕೊಡಬೇಕಿಲ್ಲ. ಬೇಡಿಕೆ ಜಾಸ್ತಿ, ಹೆಸರು ಬರೆಸಿ ಕಾಯಬೇಕಾಗುತ್ತದೆ. ನಿಮ್ಮೂರಿನ ಲೈಬ್ರರಿಯಲ್ಲಿ ಈ ವಾರವೇ ವಿಚಾರಿಸಿ.

ಬಟ್ಟೆ ಪದರ ಪದರವಾಗಿ ಇರಲಿ. ಅಮ್ಮನಿಗೆ ಕಿವಿ ಮುಚ್ಚುವ ಟೋಪಿ, ಎಲ್ಲರಿಗೂ ಗಾಳಿ ತಡೆಯುವ ಜಾಕೆಟ್, ಮಕ್ಕಳಿಗೆ ಬದಲಿಸಲು ಒಂದು ಜೊತೆ ಪ್ಯಾಂಟು, ಸಾಕ್ಸ್. ಚಪ್ಪಲಿ ಬೇಡ, ಹಿಡಿತ ಇರುವ ಶೂ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇದ್ದರೆ ಹಿರಿಯರ ಮುಖ ಅರಳುತ್ತದೆ. ಹಿಂದಿನ ರಾತ್ರಿ ಆಯಾ ಪಾರ್ಕಿನ ಸರ್ಕಾರಿ ಪುಟ ಒಮ್ಮೆ ನೋಡಿ. ಬಿರುಗಾಳಿ, ಗುಡ್ಡ ಕುಸಿತ, ಪ್ರಾಣಿಗಳ ಕಾರಣಕ್ಕೆ ಕೆಲವು ದಾರಿಗಳನ್ನು ಇದ್ದಕ್ಕಿದ್ದಂತೆ ಮುಚ್ಚುತ್ತಾರೆ. ಹಾಫ್ ಮೂನ್ ಬೇಯಿಂದ ದಕ್ಷಿಣಕ್ಕೆ ಸಾಂಟಾ ಕ್ರೂಜ್‌ವರೆಗೆ ಹೈವೇ 1ರಲ್ಲಿ ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಟಿಕೆಟ್ಟಿನ ಮತ್ತು ಉಬ್ಬರ ಇಳಿತದ ಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಎರಡು ಕಾರಿನಲ್ಲಿ ಹೋಗುತ್ತಿದ್ದರೆ ಯಾವ ಗೇಟಿನಲ್ಲಿ, ಎಷ್ಟು ಗಂಟೆಗೆ ಸೇರುವುದು ಎಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ.